ಹೆಗಲಿನ ಗಂಟು

ತಲೆ ಬಾಚಿಕೊಳ್ಳಲು ಬಲಗೈ ಮೇಲೇಳದೆ ಹೋದಾಗ ಆಡೂರಿನ ಸರೋಜವ್ವ ಹಾನಗಲ್ಲಿನ ದವಾಖಾನೆಗೆ ಹೋದಳು. ಹರೆಯದಿಂದಲೂ ಹೊಲಿಗೆ ಮಷಿನ್ನಿನ ಮುಂದೆ ಕತ್ತು ಬಗ್ಗಿಸಿ ಕೂತವಳು. ಮದುವೆಯಾಗಿರಲಿಲ್ಲ. ತೀರಿಕೊಂಡ ಅಕ್ಕನ ಮಗಳು ಶ್ವೇತಾಳನ್ನು ಅದೇ ದುಡಿಮೆಯಲ್ಲಿ ಸಾಕಿ, ಹೋದ ಬೇಸಿಗೆಯಲ್ಲಿ ಚಿಕ್ಕೇರೂರಿಗೆ ಮದುವೆ ಮಾಡಿಕೊಟ್ಟಿದ್ದಳು. ಆಮೇಲೆ ಮಾತಾಡಿಸುವವರಿಲ್ಲದ ಮನೆಯಲ್ಲಿ ಬೇಕಾದ್ದಕ್ಕಿಂತ ಹೆಚ್ಚೇ ಹೊಲಿದಳು.

ಡಾಕ್ಟರು ಫಿಸಿಯೋಥೆರಪಿ ಮಾಡುವ ವಿದ್ಯಾಳ ಹತ್ತಿರ ಕಳಿಸಿದರು. ವಿದ್ಯಾ ಅವಳನ್ನು ಬೋರಲು ಮಲಗಿಸಿ, ಹೆಗಲ ಮೇಲೆ ಬೆರಳಾಡಿಸುತ್ತ ಬಂದು ಒಂದೆಡೆ ಒತ್ತಿದಳು. ನೋವು ಕಿವಿಯ ಹಿಂದಿನಿಂದ ಹಣೆಯ ಪಕ್ಕಕ್ಕೆ ಏರಿತು.

“ಒತ್ತೂದು ಇಲ್ಲಿ, ಬ್ಯಾನಿ ತಲ್ಯಾಗ. ಹೌದಲ್ರಿ ಅಕ್ಕಾರ?”

“ಹೌದ್ರಿ. ನಿಮಗ ಹೆಂಗ ಗೊತ್ತಾತ್ರಿ?”

“ಮಾಂಸಖಂಡ ಬಿಗದು ಗಂಟಾಗೇತಿ. ನಿಧಾನಕ ಉಸಿರು ಬಿಡ್ರಿ, ಸಡ್ಲ ಆಗತೈತಿ.”

ಅದು ಸಡಿಲಾಗುವವರೆಗೂ ವಿದ್ಯಾ ಬೆರಳು ತೆಗೆಯಲಿಲ್ಲ. ಆಮೇಲೆ ಶಾಖ ಕೊಟ್ಟು, ಅಂಗಾತ ಮಲಗಿಸಿ, ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ಮೆಲ್ಲಗೆ ಪಕ್ಕಕ್ಕೆ ವಾಲಿಸಿದಳು. ತನ್ನನ್ನು ಇನ್ನೊಬ್ಬರು ಹೀಗೆ ಮುಟ್ಟಿ ಎಷ್ಟು ಕಾಲವಾಯಿತೆಂಬುದು ಸರೋಜವ್ವನಿಗೆ ನೆನಪಾಗಲಿಲ್ಲ. ಕಣ್ಣು ಮುಚ್ಚಿಕೊಂಡಳು.

ವಾರವಾರ ಹೋಗತೊಡಗಿದಳು. ಹೇಳಿಕೊಟ್ಟ ವ್ಯಾಯಾಮವನ್ನೂ ಬಿಡಲಿಲ್ಲ. ಅಪರೂಪಕ್ಕೆ ಫೋನು ಮಾಡುತ್ತಿದ್ದ ಶ್ವೇತಾ ಈಗ ಸಂಜೆಯಾದರೆ, “ಬ್ಯಾನಿ ಹೆಂಗೈತಿ ಚಿಗವ್ವ?” ಎಂದು ಕೇಳುತ್ತಿದ್ದಳು. ಕೈ ಸಲೀಸಾಗಿ ಮೇಲೇಳತೊಡಗಿದ ಮೇಲೂ ಸರೋಜವ್ವ ಇಬ್ಬರಿಗೂ ನೋವಿದೆ ಎಂದೇ ಹೇಳುತ್ತ ಬಂದಳು.

ಒಂದು ದಿನ ವಿದ್ಯಾಳ ಬೆರಳು ಹೆಗಲ ಮೇಲೆ ಹುಡುಕಿ ಹುಡುಕಿ ನಿಂತಿತು.

“ಇಲ್ಲೀಗ ಏನೂ ಇಲ್ರಿ ಅಕ್ಕಾರ. ಗಂಟು ಕರಗೇತಿ.”

ಸರೋಜವ್ವ ಮುಖ ಎತ್ತಲಿಲ್ಲ. “ಹಂಗಾರ ಬರೂದು ಬ್ಯಾಡೇನ್ರಿ?”

“ಬ್ಯಾಡ್ರಿ.” ವಿದ್ಯಾ ಕೈ ಒರೆಸಿಕೊಳ್ಳುತ್ತ ಕೇಳಿದಳು, “ಮನ್ಯಾಗ ಯಾರ್‍ಯಾರ ಅದೀರ್ರಿ?”

“ನಾನು, ನನ್ನ ಮಷಿನ್ನು.”

ವಿದ್ಯಾ ಅವಳನ್ನು ಎಬ್ಬಿಸಿ ಕೂರಿಸಿ, ಸೆರಗು ಸರಿಪಡಿಸಿದಳು. ಹೊರಗೆ ಬೇರೆಯವರು ಕಾಯುತ್ತಿದ್ದರು.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತಿದ್ದಾಗ ಶ್ವೇತಾಳ ಫೋನು ಬಂತು. ಅದೇ ಪ್ರಶ್ನೆ. ಸರೋಜವ್ವನಿಗೆ ಈ ಸಲ ಸುಳ್ಳು ಹೇಳಲು ಬೇಸರವಾಯಿತು.

“ಆರಾಮಾಗೇತವ್ವ. ಪೂರ್ತಿ.”

“ಚಲೋ ಆತು ಬಿಡು, ನನಗದ ಚಿಂತಿ ಆಗಿತ್ತು. ಹಂಗಾರ ಫೋನು ಇಡಲೇನು?”

“ಇಡಬ್ಯಾಡ.”

ಆ ಕಡೆ ಗಾಬರಿಯಾಯಿತು. “ಯಾಕ ಚಿಗವ್ವ, ಏನಾತು?”

“ಏನೂ ಆಗಿಲ್ಲ. ಮನ್ಯಾಗ ಒಬ್ಬಾಕಿಗೇ ಬ್ಯಾಸರ ಆಗತೈತಿ. ಏನರ ಮಾತಾಡು.”

ಈ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ಶ್ವೇತಾ, ಇವತ್ತು ಪುಂಡಿಪಲ್ಯೆಗೆ ಉಪ್ಪು ಹೆಚ್ಚಾಗಿ ಅತ್ತೆ ಮುಖ ಸಿಂಡರಿಸಿದ್ದನ್ನು ಹೇಳತೊಡಗಿದಳು. ಆಡೂರಿನ ಬಸ್ಸು ಬಂದು ನಿಂತಿತು, ಜನ ಹತ್ತಿದರು, ಹೊರಟಿತು. ಸರೋಜವ್ವ ಏಳಲಿಲ್ಲ.