ಏಡಿಗೊಂದು ಏಣಿ

ನಾಲ್ಕನೇ ಕ್ಲಾಸಿನ ಗೋಡೆಯ ಮೇಲೆ ಮಕ್ಕಳೇ ಬರೆದು ಅಂಟಿಸಿದ ನಿಯಮ ಒಂದೇ ಒಂದು: ದೊಡ್ಡವರು ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಬೇಕು. ಅದಕ್ಕೆ ಮೊದಲು ರುಜು ಹಾಕಿದವರು ಕುರಾಹಾಶಿ ಮೇಷ್ಟ್ರು. ಮೊದಲು ಮುರಿದವರೂ ಅವರೇ!

ಬೇಸಿಗೆಯ ಹುಣ್ಣಿಮೆ ಬಂತೆಂದರೆ ಕೆಂಪು ಏಡಿಗಳು ಗುಡ್ಡದಿಂದ ಇಳಿದು, ಶಾಲೆಯ ಮುಂದಿನ ರಸ್ತೆ ದಾಟಿ, ಮರಿ ಬಿಡಲು ಕಡಲಿಗೆ ಹೋಗುತ್ತವೆ. ನಡುವೆ ಸಿಮೆಂಟಿನ ಚರಂಡಿಗೆ ಬಿದ್ದವು ಮೇಲೆ ಬರಲಾಗದೆ ಅಲ್ಲೇ ಒಣಗಿ ಸಾಯುತ್ತವೆ. "ಈ ಸಲ ಏನು ಮಾಡಿ ಕಲಿಯೋಣ?" ಎಂದು 'ಮಾಡಿ ಕಲಿ' ಪಿರಿಯಡ್ಡಿನಲ್ಲಿ ಮೇಷ್ಟ್ರು ಕೇಳಿದಾಗ ಹನ್ನೊಂದು ಮಕ್ಕಳೂ ಒಂದೇ ಬಾಯಲ್ಲಿ ಕೂಗಿದ್ದು, "ಏಡಿಗೆ ಏಣಿ!" ಎರಡು ತಿಂಗಳು ಚರಂಡಿ ಅಳೆದರು, ಇಳಿಜಾರಿನ ಲೆಕ್ಕ ಹಾಕಿದರು, ಊರಿನ ಮೀನುಗಾರರ ತಲೆ ತಿಂದರು. ಚರಂಡಿಯಿಂದ ಮೇಲಕ್ಕೆ ಓರೆಯಾಗಿ ಒರಗಿಸುವ ಹಲಗೆಯೇನೋ ತಯಾರಾಯಿತು. ಏಡಿ ಮಾತ್ರ ಹತ್ತಲೊಲ್ಲದು.

ಹುಣ್ಣಿಮೆಗೆ ನಾಲ್ಕೇ ದಿನ. ಮರುದಿನವೇ ಬೇರೆ ಶಾಲೆಗಳಿಂದ ಇಪ್ಪತ್ತು ಮಂದಿ ಶಿಕ್ಷಕರು ಪಾಠ ನೋಡಲು ಬರುವವರಿದ್ದರು. "ನೋಡಪ್ಪಾ ಕುರಾಹಾಶಿ," ಎಂದರು ಹೆಡ್‌ಮಾಸ್ಟರು, "ನಾಳೆ ಇದು ಬರೀ ಆಟ ಅಂತ ಅನ್ನಿಸ್ತೋ, ಈ ಪಿರಿಯಡ್ಡು ಗಣಿತಕ್ಕೆ ಹೋಯ್ತು ಅಂತ್ಲೇ ತಿಳ್ಕೋ."

ಮೇಷ್ಟ್ರು, ಮಕ್ಕಳು ಮನೆಗೆ ಹೋಗುವುದನ್ನೇ ಕಾದು, ಏಡಿಯ ಕಾಲಿಗೆ ಹಿಡಿತ ಸಿಗಲೆಂದು ಹಲಗೆಯ ಮೇಲೆ ಒರಟು ಹಗ್ಗ ಬಿಗಿದರು. ಯಾರೂ ನೋಡಲಿಲ್ಲ ಎಂದುಕೊಂಡು ಮನೆಗೆ ಹೋಗಿ ಹಾಯಾಗಿ ಉಂಡರು.

ಮರುದಿನ ಅತಿಥಿಗಳು ಚರಂಡಿಯ ದಡದಲ್ಲಿ ಸಾಲಾಗಿ ನಿಂತರು. ಮಕ್ಕಳ ತಂಡದ ಮುಂದಾಳು ಚಿನಾತ್ಸು ಒಂದೇ ನೋಟಕ್ಕೆ ಹಿಡಿದುಬಿಟ್ಟಳು.

"ಈ ಹಗ್ಗ ಯಾರು ಕಟ್ಟಿದ್ದು?"

ಮೇಷ್ಟ್ರ ಕಿವಿ ಕೆಂಪಾಯಿತು. ಅಷ್ಟು ಜನರೆದುರಿಗೇ ಸೊಂಟ ಬಗ್ಗಿಸಿ ತಲೆ ತಗ್ಗಿಸಿದರು. "ನಾನೇ ಕಣಮ್ಮಾ. ತಪ್ಪಾಯ್ತು."

"ನಮ್ಮನ್ನ ಒಂದ್ಮಾತು ಕೇಳ್ಬಹುದಿತ್ತಲ್ವಾ ಮೇಷ್ಟ್ರೇ?" ಅವಳ ಕಣ್ಣು ತುಂಬಿತ್ತು. "ಗೆಂಟಾ, ಬಿಚ್ಚೋ ಅದನ್ನ."

ಗೆಂಟಾ ಬಿಚ್ಚಿದ. ಬಕೆಟ್ಟಿನಿಂದ ಒಂದು ಏಡಿಯನ್ನು ಚರಂಡಿಗೆ ಬಿಟ್ಟರು. ಅದು ಹಲಗೆಯ ಬುಡದವರೆಗೆ ಬಂದು ಸರಕ್ಕನೆ ಅಡಿಗೆ ನುಗ್ಗಿತು. ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹೆಡ್‌ಮಾಸ್ಟರು ಗಡಿಯಾರ ನೋಡಿಕೊಂಡರು. ಮೇಷ್ಟ್ರಿಗೆ ಕೈ ತುರಿಸುತ್ತಿತ್ತು. ಬೆನ್ನ ಹಿಂದೆ ಒಂದು ಕೈಯಿಂದ ಇನ್ನೊಂದನ್ನು ಬಿಗಿಯಾಗಿ ಹಿಡಿದುಕೊಂಡರು.

ಗೆಂಟಾ ಬೋರಲು ಮಲಗಿ ಚರಂಡಿಯೊಳಗೆ ತಲೆ ತೂರಿಸಿದ. "ಲೇ, ಮೂರೂ ಇಲ್ಲೇ ಇದಾವೆ ಕಣ್ರೋ! ನೆರಳಲ್ಲಿ ಬಚ್ಚಿಟ್ಕೊಂಡಿದಾವೆ!"

"ಮೇಲೆ ಹತ್ತಿದ್ರೆ ಹಕ್ಕಿ ಕಣ್ಣಿಗೆ ಬೀಳ್ತೀವಿ ಅಂತ ಭಯ ಅವಕ್ಕೆ," ಎಂದ ಇನ್ನೊಬ್ಬ.

ಚಿನಾತ್ಸು ಕುಣಿದೇಬಿಟ್ಟಳು. "ಹಂಗಾದ್ರೆ ದಾರಿ ಇರ್ಬೇಕಾದ್ದು ಹಲಗೆ ಮೇಲಲ್ಲ, ಅಡೀಲಿ! ಆ ಹಗ್ಗ ತಾರೋ!"

"ಯಾವ್ದು, ಮೇಷ್ಟ್ರ ಕಳ್ಳ ಹಗ್ಗಾನಾ?"

"ಹೂಂ, ಅದೇ!"

ಹಲಗೆಯ ಅಡಿಯಲ್ಲಿ ಹಗ್ಗ ಇಳಿಬಿಟ್ಟರು. ಒಂದು ನಿಮಿಷ ಹೋಯಿತು, ಎರಡು ಹೋಯಿತು. ಆಮೇಲೆ ಹಲಗೆಯ ತುದಿಯಲ್ಲಿ ಒಂದು ಕೆಂಪು ಕೊಂಡಿ ಕಾಣಿಸಿತು.

ಮಕ್ಕಳ ಕೇಕೆ ಬಂದರಿನವರೆಗೂ ಕೇಳಿಸಿರಬೇಕು. ಟಿಪ್ಪಣಿ ಬರೆಯಲು ಬಂದ ಅತಿಥಿಗಳು ಬರೆಯುವುದನ್ನೇ ಮರೆತರು. ಮೇಷ್ಟ್ರಿಗೆ ಅಳುವೂ ನಗುವೂ ಒಟ್ಟಿಗೇ ಬಂತು. ಹೆಡ್‌ಮಾಸ್ಟರಂತೂ ಇಸ್ತ್ರಿ ಪ್ಯಾಂಟಿನಲ್ಲೇ ಮಂಡಿಯೂರಿ, "ಬಾ ಬಾ, ಇನ್ನೊಂದೇ ಹೆಜ್ಜೆ," ಎನ್ನುತ್ತ ಏಡಿಗೆ ಬೆರಳು ಚಾಚಿದರು.

"ಸಾರ್! ಕೈ!" ಹನ್ನೊಂದು ಗಂಟಲುಗಳು ಗದರಿದವು.

ಅವರು ಬೆಚ್ಚಿ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. ಏಡಿ ರಸ್ತೆ ದಾಟಿ ಹುಲ್ಲಿನಲ್ಲಿ ಮರೆಯಾಗುವವರೆಗೂ ಹಾಗೇ ಇದ್ದು, ಆಮೇಲೆ ಚಿನಾತ್ಸುವಿನ ಕಡೆ ಬಾಗಿ ಮೆಲ್ಲಗೆ ಕೇಳಿದರು:

"ಮುಂದಿನ ವಾರ ಈ ಪಿರಿಯಡ್ಡು ಎಷ್ಟು ಗಂಟೆಗಮ್ಮಾ?"