ಎಡಚನ ಮನೆ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ತಲೆ ಬೋಳಾದ ಮೇಲೆ, ಪರದೇಶದಲ್ಲಿ ಮನೆ ಹುಡುಕುವಾಗ. ಮನೆ ಇದೆ ಎಂದು ತೋರಿಸದೆ ಹೆಂಡತಿ ಮಗನಿಗೆ ಬರಲು ಅನುಮತಿ ಇಲ್ಲ. ಹೆಂಡತಿ ಮಗ ಜೊತೆಗಿಲ್ಲದ ಗಂಡಸಿಗೆ ಯಾರೂ ಮನೆ ಕೊಡುವುದಿಲ್ಲ.

ನಾನು ಬಾಯ್ಲರ್ ನೋಡಿಕೊಳ್ಳುವವನು. ಆಸ್ಪತ್ರೆ, ಹೋಟೆಲುಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿಯಲ್ಲಿ ನನ್ನ ಬಾಯ್ಲರಿನ ಉಗಿ ಇಲ್ಲದೆ ಒಂದು ಚಾದರವೂ ಒಣಗುವುದಿಲ್ಲ. ಕೆಲಸ ಮರ್ಯಾದೆಯದೇ. ಆದರೆ ಮಲಗಲು ಕೊಟ್ಟದ್ದು ಮಂಚದ ಮೇಲೆ ಮಂಚ ಹೇರಿದ ಕೋಣೆ. ಮೇಲಿನವನು ಮಗ್ಗುಲು ಬದಲಿಸಿದರೆ ನನ್ನ ಕಣ್ಣಿಗೆ ತುಕ್ಕು ಉದುರುತ್ತಿತ್ತು. ಊರಿನಿಂದ ಹೆಂಡತಿ ದಿನಾ ಸಂಜೆ ಫೋನಿನಲ್ಲಿ ಮುಖ ತೋರಿಸಿ ಒಂದೇ ಪ್ರಶ್ನೆ ಕೇಳುತ್ತಿದ್ದಳು.

“ಮನೆ ಸಿಕ್ತೇನ್ರಿ?”

“ಮನೆ ಏನು ಮರದಲ್ಲಿ ಬಿಡುತ್ತಾ, ಕಿತ್ತು ತರೋಕೆ?”

“ನನ್ನ ಮೇಲೆ ಯಾಕೆ ಹಾರಾಡ್ತೀರಿ? ಪುಟ್ಟನ ಶಾಲೆ ಶುರು ಆಗೋದ್ರೊಳಗೆ ಬರದಿದ್ರೆ ಇನ್ನೊಂದು ವರ್ಷ ನಾವು ಇಲ್ಲೇ. ಫೋನಿನಲ್ಲಿ ನೋಡಿ ನೋಡಿ ಅಪ್ಪ ಅಂದ್ರೆ ಅಂಗೈ ಅಗಲ ಅಂದ್ಕೊಂಡುಬಿಟ್ಟಿದಾನೆ ಇವನು.”

ರಜೆಯ ದಿನಗಳಲ್ಲೆಲ್ಲ ಮನೆ ನೋಡಿದೆ. ಒಂದರಲ್ಲಿ ಒಲೆಗೂ ಕಕ್ಕಸಿಗೂ ನಡುವೆ ಇದ್ದದ್ದು ಒಂದು ಪರದೆ. ಇನ್ನೊಂದರ ಕಿಟಕಿ ತೆರೆದರೆ ಎದುರು ಗೋಡೆ ಮೂಗಿಗೆ ತಾಗುತ್ತಿತ್ತು. ಮತ್ತೊಬ್ಬ ಮಾಲೀಕ ನನ್ನ ಕೈಯ ಸುಟ್ಟ ಕಲೆಗಳನ್ನು ನೋಡಿ, ಮನೆ ಈಗಷ್ಟೇ ಹೋಯಿತು ಎಂದ. ಬಾಡಿಗೆಗಿದೆ ಎಂಬ ಬೋರ್ಡು ಅವನ ತಲೆಯ ಮೇಲೆಯೇ ತೂಗುತ್ತಿತ್ತು. ನಾನು ನಮ್ಮ ಭಾಷೆಯಲ್ಲೇ ಅವನ ವಂಶದ ಯೋಗಕ್ಷೇಮ ವಿಚಾರಿಸಿದೆ. ಅರ್ಥವಾಗದಿದ್ದರೂ ಬಾಗಿಲು ಹಾಕಿಕೊಂಡ.

ಲಾಂಡ್ರಿಯಲ್ಲಿ ನಮ್ಮ ಭಾಷೆಯವನು ಇನ್ನೊಬ್ಬನಿದ್ದ. ಇಸ್ತ್ರಿ ಯಂತ್ರಕ್ಕೆ ಚಾದರ ಕೊಡುವವನು, ವಯಸ್ಸಾದವನು. ಎಲ್ಲರೂ ಇಸ್ತ್ರಿ ಮಾಮ ಎನ್ನುತ್ತಿದ್ದರು. ನನ್ನನ್ನು ಈ ಕೆಲಸಕ್ಕೆ ಕರೆಸಿದ್ದೇ ಅವನು. ಒಂದು ದಿನ ಊಟದ ಹೊತ್ತಿನಲ್ಲಿ ಬಾಯಿ ಬಿಟ್ಟ.

“ಕಂಪನಿ ಮನೆ ಒಂದು ಖಾಲಿ ಬಿದ್ದಿದೆ ಕಣೋ. ಎರಡು ರೂಮು. ಕೇಳಿ ನೋಡು.”

“ಇಷ್ಟು ದಿನ ಬಾಯಿಗೆ ಇಸ್ತ್ರಿ ಹಾಕ್ಕೊಂಡಿದ್ರಾ ಮಾಮ?”

“ಎಡಚಂದು ಅದು. ಅದಕ್ಕೇ ಹೇಳಿರಲಿಲ್ಲ.”

ಎಡಚ ಎಂದರೆ ನನಗಿಂತ ಮುಂಚೆ ಬಾಯ್ಲರ್ ನೋಡುತ್ತಿದ್ದವನು. ಅವನನ್ನೂ ಊರಿನಿಂದ ಕರೆಸಿದ್ದು ಇದೇ ಮಾಮ. ಬಾಯ್ಲರಿನ ಪಕ್ಕದ ಸ್ಟೂಲಿನಲ್ಲಿ ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ನಿದ್ದೆ ಹೊಡೆಯುತ್ತಿದ್ದಾನೆ ಎಂದು ಮೇಸ್ತ್ರಿ ಸ್ವಲ್ಪ ಹೊತ್ತು ಹೆಣಕ್ಕೇ ಬೈದನಂತೆ. ಆ ಸ್ಟೂಲಿನಲ್ಲೇ ಈಗ ನಾನು ಕೂರುತ್ತಿದ್ದೆ. ಯಾರೂ ಹೇಳಿರಲಿಲ್ಲ.

“ಅವನ ಹೆಂಡ್ತಿ ಮಕ್ಕಳು?”

“ಹೋದ್ರು.”

“ಎಲ್ಲಿಗೆ?”

“ಹೋದ್ರು ಅಂದ್ನಲ್ಲ! ನಿನಗೆ ಮನೆ ಬೇಕೋ, ಪುರಾಣ ಬೇಕೋ?”

ನನಗೆ ಮನೆ ಬೇಕಿತ್ತು.

ಕಂಪನಿ ಮನೆಗಳ ಅಧಿಕಾರಿಗೆ ನಾವಿಟ್ಟ ಹೆಸರು ಬೀಗದ ಸಾಹೇಬ. ಸೊಂಟದಲ್ಲಿ ಕೀಲಿಗೊಂಚಲು ಸದ್ದು ಮಾಡಿಕೊಂಡೇ ಬರುತ್ತಿದ್ದ. ಅವನು ತನ್ನ ಭಾಷೆಯಲ್ಲಿ ನಿಧಾನವಾಗಿ, ಕಿವುಡನಿಗೆ ಹೇಳುವಂತೆ ಹೇಳಿದ: ಈಗಲೇ ಸೇರಿಕೋ, ಮನೆ ಸಿದ್ಧ ಮಾಡು. ನಾನು ಬಂದು ನೋಡಿ ಸರಿ ಎಂದರೆ ನಿನ್ನವರಿಗೆ ಅನುಮತಿ. ಅಷ್ಟರಲ್ಲಿ ಬೇರೆ ಯಾರಾದರೂ ಆ ಮನೆಯಲ್ಲಿ ಕಂಡರೆ ಮನೆಯೂ ಇಲ್ಲ, ಅನುಮತಿಯೂ ಇಲ್ಲ.

ಮನೆ ಚೆನ್ನಾಗಿತ್ತು. ಬೆಳಕು, ಗಾಳಿ, ಗಟ್ಟಿ ನೆಲ. ಆದರೆ ಮನೆ ನನ್ನನ್ನು ಒಳಗೆ ಸೇರಿಸಿಕೊಳ್ಳಲಿಲ್ಲ. ಅಡುಗೆಮನೆಯ ಕಪಾಟಿನ ಬಾಗಿಲುಗಳೆಲ್ಲ ತಿರುಗುಮುರುಗಾಗಿ ತೆರೆಯುತ್ತಿದ್ದವು. ಫ್ರಿಜ್ಜಿನ ಬಾಗಿಲೂ ಹಾಗೆಯೇ. ಟವೆಲಿನ ಮೊಳೆ, ಒಲೆಯ ಪಕ್ಕದ ಹಲಗೆ, ಬಾಗಿಲ ಹಿಂದಿನ ಕೊಕ್ಕೆ, ಎಲ್ಲವೂ ಎಡಕ್ಕೆ. ಆ ಪುಣ್ಯಾತ್ಮ ಸ್ಕ್ರೂಡ್ರೈವರ್ ಹಿಡಿದು ಇಡೀ ಮನೆಯನ್ನು ತನ್ನ ಕೈಗೆ ತಿರುಗಿಸಿಕೊಂಡಿದ್ದ. ಬೆಳಗ್ಗೆ ಚಹಾಪುಡಿಗೆ ಕೈ ಹಾಕಿದರೆ ಕಪಾಟಿನ ಬಾಗಿಲು ಹಣೆಗೆ ಬಡಿಯುತ್ತಿತ್ತು. “ಸತ್ತ ಮೇಲೂ ಹೊಡೀತೀಯೇನೋ!” ಎಂದು ಬೈದೆ. ಬೈದ ಮೇಲೆ, ಉತ್ತರ ಬಂದೀತೇನೋ ಎಂಬಂತೆ ಸ್ವಲ್ಪ ಹೊತ್ತು ನಿಂತೆ.

ಉತ್ತರ ಬೇರೆ ರೀತಿಯಲ್ಲಿ ಬಂತು. ಒಂದು ಸಂಜೆ ಪಾಳಿ ಮುಗಿಸಿ ಬಂದಾಗ ಅಡುಗೆಮನೆಯ ನೆಲ ಇನ್ನೂ ಹಸಿಯಾಗಿತ್ತು. ನಾನು ಒರೆಸಿರಲಿಲ್ಲ. ಮತ್ತೊಂದು ಸಂಜೆ ಬಚ್ಚಲಿನ ಬಕೆಟ್ಟಿನಲ್ಲಿ ನೀರು ತುಂಬಿತ್ತು. ಬೆಳಗ್ಗೆ ನಾನು ಬಿಟ್ಟುಹೋಗಿದ್ದ ಎಂಜಲು ಲೋಟ ತೊಳೆದು ಬೋರಲು ಹಾಕಿತ್ತು, ಎಡಗಡೆಯ ಹಲಗೆಯ ಮೇಲೆ. ಕಿಟಕಿ ಬಾಗಿಲು ಎಲ್ಲ ಭದ್ರ. ಕಳ್ಳನಾದರೆ ಹೊತ್ತೊಯ್ಯುತ್ತಾನೆ, ಪಾತ್ರೆ ತೊಳೆಯುತ್ತಾನೆಯೇ?

“ಯಾರೋ ಅದು? ಗಂಡಸಾದ್ರೆ ಎದುರಿಗೆ ಬಾ!” ಎಂದು ಬಚ್ಚಲಿನಲ್ಲಿ ನಿಂತು ಕೂಗಿದೆ. ಪಕ್ಕದ ಮನೆಯವರು ಗೋಡೆ ಬಡಿದರು.

ನಾನು ದೆವ್ವ ನಂಬುವವನಲ್ಲ. ಆದರೆ ನಂಬದವನಿಗೂ ಬೆನ್ನು ಎಂಬುದೊಂದು ಇರುತ್ತದೆ. ಆ ಮನೆಯಲ್ಲಿ ನನ್ನ ಬೆನ್ನು ಗೋಡೆ ಬಿಟ್ಟು ಕೂರಲು ಒಪ್ಪುತ್ತಿರಲಿಲ್ಲ. ಲಾಂಡ್ರಿಗೆ ಹೋದರೆ ಅಲ್ಲಿಯೂ ಅದೇ. ಬಾಯ್ಲರಿನ ಕವಾಟ ತಿರುಗಿಸುವ ಪಾನ, ಅಂದರೆ ಸ್ಪ್ಯಾನರ್, ಅವನು ತೂಗುಹಾಕಿದ್ದ ಎಡಗಡೆಯ ಮೊಳೆಯಲ್ಲೇ ಇತ್ತು. ಒಂದು ದಿನ ನೋಡುತ್ತೇನೆ, ನನ್ನ ಎಡಗೈ ತಾನಾಗಿಯೇ ಹೋಗಿ ಅದನ್ನು ಹಿಡಿದಿದೆ.

ಅವತ್ತು ಸಂಜೆ ಹೆಂಡತಿಗೆ ಫೋನಿನಲ್ಲಿ ಮನೆ ತೋರಿಸುತ್ತಿದ್ದೆ. ರೂಮು, ಕಿಟಕಿ, ಬಚ್ಚಲು.

“ನಿಲ್ಲಿ. ಹಿಂದಕ್ಕೆ ಹೋಗಿ. ಕನ್ನಡಿ ತೋರಿಸಿ.”

ತೋರಿಸಿದೆ.

“ಅದೇನದು, ಕೂದಲಿನ ಕ್ಲಿಪ್ಪು?”

ಕನ್ನಡಿಯ ಅಂಚಿನಲ್ಲಿ ಕಪ್ಪು ಕ್ಲಿಪ್ಪೊಂದು ಇತ್ತು. ಬೆಳಗ್ಗೆ ಅಲ್ಲೇ ಗಡ್ಡ ಬೋಳಿಸಿದ್ದೆ, ಆಗ ಇರಲಿಲ್ಲ.

“ಮುಂಚೆ ಇದ್ದೋರದು ಇರಬೇಕು ಕಣೇ.”

“ಮುಂಚೆ ಇದ್ದೋರು ಬಿಟ್ಟು ಹೋಗಿದ್ದು ನಿಮಗೆ ಇಷ್ಟು ದಿನ ಕಾಣಲಿಲ್ವಾ? ನಿಮ್ಮ ಬೋಳುತಲೆಗೆ ಹಾಕ್ಕೊಳೋಕೆ ಇಟ್ಕೊಂಡಿದೀರಾ?” ಅವಳು ನಗಲಿಲ್ಲ. “ನೋಡಿ, ನನ್ನ ಹೊಲಿಗೆ ಅಂಗಡಿ ಮುಚ್ಚಿ ನಾನು ಬರಬೇಕು. ಅಲ್ಲಿ ಯಾರಿದಾರೆ ಅಂತ ಗೊತ್ತಾಗದೆ ನಾನು ಹೊಸಿಲು ದಾಟೋಳಲ್ಲ.”

ಫೋನ್ ಇಟ್ಟಳು. ದೆವ್ವದ ಭಯ ಹೋಗಿ ಹೆಂಡತಿಯ ಭಯ ಬಂತು. ಅದು ದೊಡ್ಡದು.

ಮರುದಿನ ಹೊಟ್ಟೆನೋವು ಎಂದು ಸುಳ್ಳು ಹೇಳಿ ಮಧ್ಯಾಹ್ನವೇ ಮನೆಗೆ ಹೋದೆ. ಕೈಯಲ್ಲಿ ಪಾನ ಇತ್ತು. ಸದ್ದಿಲ್ಲದೆ ಬಾಗಿಲು ತೆರೆದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಪುಟ್ಟ ಎಡಗೈ ಪೆನ್ಸಿಲ್ ಹಿಡಿದು ಬರೆಯುತ್ತಿತ್ತು.

ಪಾನ ಎತ್ತಿ ಹಿಡಿದು ಒಂದು ಹೆಜ್ಜೆ ಮುಂದಿಟ್ಟೆ. ಆಗ ಕಂಡದ್ದು ಶಾಲೆಯ ಅಂಗಿ ತೊಟ್ಟ, ಎರಡು ಜಡೆಯ ಹುಡುಗಿ. ಹೆದರಲಿಲ್ಲ. ನನ್ನ ಕೈಯ ಪಾನ ನೋಡಿದಳು.

“ಅದು ನಮ್ಮಪ್ಪಂದು,” ಎಂದಳು.

ಅಷ್ಟರಲ್ಲಿ ಬಚ್ಚಲಿನಿಂದ ಒದ್ದೆ ಬಟ್ಟೆ ಹಿಡಿದ ಹೆಂಗಸು ಬಂದಳು. ನನ್ನನ್ನು ಕಂಡು ಬಟ್ಟೆ ಕೆಳಗಿಡಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ.

“ಯಾರಮ್ಮ ನೀನು? ಯಾರು ನಿನ್ನ ಒಳಗೆ ಬಿಟ್ಟಿದ್ದು?” ಎಂದು ನಾನು ಗುಡುಗಿದೆ.

“ಕೂಗಬೇಡಿ. ಪಕ್ಕದವರು ಬಂದ್ರೆ ನಂದು ಹೋಗೋದು ಏನೂ ಇಲ್ಲ, ನಿಮ್ದೇ ಹೋಗೋದು.”

ಮಾತು ನೆಟ್ಟಗಿತ್ತು. ನಾನು ದನಿ ಇಳಿಸಿದೆ. ಅವಳು ಎಡಚನ ಹೆಂಡತಿ. ಅವನು ತೀರಿಕೊಂಡ ತಿಂಗಳಲ್ಲೇ ಮನೆ ಬಿಡಿಸಿದರು. ಈಗ ಇದೇ ಸಾಲಿನ ಕಟ್ಟಡಗಳ ಮೆಟ್ಟಿಲು ಒರೆಸುತ್ತಾಳೆ, ರಾತ್ರಿ ಮಗಳೊಂದಿಗೆ, ಬೇರೆಯವರೂ ಇರುವ ಒಂದು ನೆಲಮಾಳಿಗೆಯಲ್ಲಿ ಮಲಗುತ್ತಾಳೆ. ಹಗಲು ಆ ನೆಲಮಾಳಿಗೆಯಲ್ಲಿ ರಾತ್ರಿ ಪಾಳಿಯವರು ಮಲಗುತ್ತಾರೆ. ಶಾಲೆ ಮುಗಿಸಿ ಬಂದ ಹುಡುಗಿ ಸಂಜೆಯವರೆಗೆ ಎಲ್ಲಿ ಕೂರಬೇಕು? ಈ ಮನೆಯ ಇನ್ನೊಂದು ಕೀಲಿ ಅವಳ ಬಳಿ ಉಳಿದಿತ್ತು.

“ಇವಳ ಪರೀಕ್ಷೆ ಮುಗಿಯೋವರೆಗೆ ಅಷ್ಟೇ ಅಣ್ಣ. ಬಿಟ್ಟಿ ಕೂತಿಲ್ಲ, ನೆಲ ಒರೆಸಿದೀನಿ, ಪಾತ್ರೆ ತೊಳೆದಿದೀನಿ.”

“ಸಾಹೇಬ ಬಂದು ನೋಡಿದ್ರೆ? ನನ್ನ ಹೆಂಡ್ತಿ ಮಗ ಬರೋದು ಬೇಡ್ವಾ? ನನ್ನ ಅನುಮತಿ ಹೋದ್ರೆ ನೀನು ಕೊಡಿಸ್ತೀಯಾ?” ಕೈ ಚಾಚಿದೆ. “ಕೊಡು ಕೀಲಿ.”

ಅವಳು ಒಂದು ಕ್ಷಣ ನೋಡಿ, ಸೀರೆಯ ಸೆರಗಿನ ಗಂಟು ಬಿಚ್ಚಿ ಕೊಟ್ಟಳು. ಹುಡುಗಿ ಪುಸ್ತಕ ಚೀಲಕ್ಕೆ ತುಂಬಿಕೊಂಡು, ಹೋಗುವ ಮುಂಚೆ ಕಪಾಟಿನ ಬಾಗಿಲೊಂದನ್ನು ಸರಿಯಾಗಿ ಮುಚ್ಚಿ ಹೋದಳು. ಅದು ತೆರೆದಿದ್ದನ್ನು ನಾನು ನೋಡಿಯೇ ಇರಲಿಲ್ಲ.

ಬೀಗದ ಸಾಹೇಬ ಬಂದ. ಕಿಟಕಿ ಅಲ್ಲಾಡಿಸಿ, ನಲ್ಲಿ ತಿರುಗಿಸಿ, ಸರಿ ಎಂದು ಸಹಿ ಹಾಕಿದ. ಹಿಂದಿನವರ ವಿಷಯ ಕೇಳಿದೆ. ಯಾವ ಹಿಂದಿನವರು ಎಂದ. ಸಂಬಳ ನಿಂತರೆ ಮನೆಯೂ ನಿಲ್ಲುತ್ತದೆ, ನಿನ್ನ ಕಾಗದದಲ್ಲೂ ಅದೇ ಇದೆ ಎಂದು ಹೇಳಿ, ಕೀಲಿ ಸದ್ದು ಮಾಡಿಕೊಂಡು ಮೆಟ್ಟಿಲಿಳಿದ.

ಸಂಜೆ ಹೆಂಡತಿಗೆ ಸಂಭ್ರಮದಿಂದ ಫೋನ್ ಮಾಡಿದೆ. ಎಡಚ ಸ್ಟೂಲಿನಲ್ಲಿ ಸತ್ತದ್ದರಿಂದ ಹಿಡಿದು ಕ್ಲಿಪ್ಪಿನ ಕಥೆಯವರೆಗೆ ಎಲ್ಲ ಬಿಡಿಸಿ ಹೇಳಿದೆ. ಅನುಮಾನ ಹೋದರೆ ಸಾಕಿತ್ತು ನನಗೆ. ಅವಳು ಹೊಲಿಯುತ್ತಿದ್ದುದನ್ನು ಬದಿಗಿಟ್ಟಳು.

“ಹುಡುಗಿ ಈಗ ಎಲ್ಲಿ ಕೂರ್ತಾಳೆ?”

“ನನಗೇನು ಗೊತ್ತು? ನಿಮಗೋಸ್ಕರ ತಾನೇ ಮಾಡಿದ್ದು!”

“ಅದೇ ಕೆಲಸ, ಅದೇ ಸ್ಟೂಲು, ಅದೇ ಮನೆ. ನಿಮಗೆ ಏನಾದ್ರೂ ಆದ್ರೆ ನಾನು ಪುಟ್ಟನ್ನ ಕಟ್ಕೊಂಡು ಯಾರ ಮನೆಗೆ ಕದ್ದು ಹೋಗಿ ಕೂರಲಿ?”

“ಬಾಯಿ ಬಿಟ್ರೆ ಅಪಶಕುನ ನುಡೀತೀಯಲ್ಲೇ! ನನಗೇನಾಗಿದೆ? ಗುಂಡುಕಲ್ಲಿನ ಹಾಗೆ ಇದೀನಿ.”

“ಅವನೂ ಹಾಗೇ ಇದ್ದ ಅಲ್ವಾ?” ಎಂದಳು. ಜಗಳದ ದನಿಯಲ್ಲ. “ನಾವು ಬರ್ತೀವಿ. ಆ ಮನೆಗೆ ಬರಲ್ಲ. ಕೋಳಿಗೂಡಾದ್ರೂ ಸರಿ, ಕರಾರಿನಲ್ಲಿ ನನ್ನ ಹೆಸರೂ ಇರೋ ಮನೆ ನೋಡಿ.”

ನಾನು ರೇಗಿ ಫೋನ್ ಇಟ್ಟೆ. ಎರಡು ರೂಮಿನ ಮನೆ ಬೇಡವಂತೆ, ಕೋಳಿಗೂಡು ಬೇಕಂತೆ! ಎಲ್ಲರಿಗೂ ಕೇಳುವಂತೆ ಬೈದುಕೊಂಡೆ, ಕೇಳಲು ಯಾರೂ ಇರಲಿಲ್ಲ. ಆಮೇಲಿನ ಸಂಜೆಗಳಲ್ಲಿ ನೆಲ ಒಣಗಿಯೇ ಇತ್ತು, ಬಕೆಟ್ಟು ಖಾಲಿಯೇ ಇತ್ತು, ನನ್ನ ಎಂಜಲು ಲೋಟ ಇಟ್ಟಲ್ಲೇ ಇರುವೆ ಹತ್ತಿಸಿಕೊಂಡು ಕೂತಿತ್ತು. ಮನೆಯಲ್ಲಿ ಯಾರೋ ಇದ್ದಾರೆಂದು ಹೆದರಿದ್ದೆ. ಯಾರೂ ಇಲ್ಲದ ಮೇಲೆ ಇನ್ನೂ ಹೆದರಿದೆ. ಕುರ್ಚಿಯಲ್ಲಿ ಕೂತರೆ ಆ ಹುಡುಗಿಯ ಜಾಗದಲ್ಲಿ ಕೂತಂತೆ, ಮಲಗಿದರೆ ಅವನ ಮಗ್ಗುಲಿನಲ್ಲಿ ಮಲಗಿದಂತೆ. ಲಾಂಡ್ರಿಯಲ್ಲಿ ಸ್ಟೂಲಿನಲ್ಲಿ ಕೂತಾಗ ಎದೆಯ ಮೇಲೆ ಕೈಯಿಟ್ಟು ನೋಡಿಕೊಳ್ಳುವ ಚಾಳಿ ಹತ್ತಿತು. ಇಸ್ತ್ರಿ ಮಾಮ ನೋಡಿಬಿಟ್ಟ.

“ಎಡಚನೂ ಹಿಂಗೇ ಮಾಡ್ತಿದ್ದ ಕಣೋ,” ಎಂದ. ಮೊದಲ ಬಾರಿಗೆ ಅವನ ಕಣ್ಣು ನನ್ನಿಂದ ತಪ್ಪಿಸಿಕೊಂಡಿತು. “ಅವನ ಹೆಂಡ್ತಿಗೆ ಏನು ಮುಖ ತೋರಿಸಲಿ ಅಂತ ನಾನು ಆ ಬೀದಿಗೇ ಹೋಗಲ್ಲ.”

ಪಾಳಿ ಮುಗಿದ ಕೂಡಲೇ ನಾನು ಆ ಬೀದಿಗೆ ಹೋದೆ. ಎಡಚನ ಹೆಂಡತಿ ಎರಡನೇ ಕಟ್ಟಡದ ಮೆಟ್ಟಿಲು ಒರೆಸುತ್ತಿದ್ದಳು. ಹುಡುಗಿ ಮೇಲಿನ ಮೆಟ್ಟಿಲಲ್ಲಿ, ಒಣಗಿದ ಜಾಗ ನೋಡಿಕೊಂಡು, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು ಬರೆಯುತ್ತಿದ್ದಳು.

“ತಗೋಮ್ಮ ಕೀಲಿ. ನಾನು ಬೇರೆ ಮನೆ ಹಿಡಿಯೋವರೆಗೆ ಹುಡುಗಿ ಬಂದು ಕೂರ್ಲಿ.”

“ಸಾಹೇಬ?”

“ಸಾಹೇಬನ ತಲೆ! ಅವನು ಸಹಿ ಹಾಕಿ ಆಯ್ತು.”

ಅವಳು ಕೀಲಿ ತೆಗೆದುಕೊಂಡಳು. ಉಪಕಾರ ಎನ್ನಲಿಲ್ಲ. ಅನ್ನುವಂಥದ್ದೇನೂ ಆಗಿರಲಿಲ್ಲ.

ನಗರದ ಇನ್ನೊಂದು ತುದಿಯಲ್ಲಿ, ಟೈರ್ ಅಂಗಡಿಯ ಮೇಲೆ, ಒಂದೇ ಕೋಣೆಯ ಮನೆ ಸಿಕ್ಕಿತು. ದಿನವಿಡೀ ರಬ್ಬರಿನ ನಾತ. ಸಂಬಳದ ಅರ್ಧ ಬಾಡಿಗೆಗೆ. ಆದರೆ ಅಂಗಡಿಯ ಒಡತಿ ಮುದುಕಿ ಕರಾರಿನಲ್ಲಿ ನನ್ನ ಹೆಸರಿನ ಕೆಳಗೆ ಹೆಂಡತಿಯ ಹೆಸರನ್ನೂ ಬರೆದಳು. ಅದನ್ನೇ ತೋರಿಸಿ ಮತ್ತೆ ಅನುಮತಿಗೆ ಅಲೆದೆ. ಶಾಲೆ ಶುರುವಾಗುವ ಹೊತ್ತಿಗೆ ಅವರಿಬ್ಬರೂ ಬಂದಿಳಿದರು. ಹೆಂಡತಿ ಮೂಗು ಮುಚ್ಚಿಕೊಂಡೇ ಒಳಗೆ ಬಂದು, ಗೋಡೆಗೆ ಅಂಗೈ ಊರಿ ಒಮ್ಮೆ ಒತ್ತಿ ನೋಡಿದಳು.

ಎಡಚನ ಮನೆಗೆ ಲಾಂಡ್ರಿಯ ಹೊಸ ವ್ಯಾನ್ ಡ್ರೈವರ್ ಬಂದ. ಹುಡುಗಿಯ ವಿಷಯ ಅವನಿಗೆ ಹೇಳಿದೆ. ತನ್ನ ಹೆಂಡತಿ ಮಕ್ಕಳು ಬರುವುದು ಬೇಡವೇ ಎಂದು ಕೇಳಿದ. ಅದೇ ವಾರ ಬೀಗ ಬದಲಿಸಿದ. ಬೈಯಲು ಹೊರಟರೆ, ಅದು ನಾನೇ ಆಡಿದ್ದ ಮಾತು.

ಪುಟ್ಟನನ್ನು ಸೇರಿಸಿದ್ದು ಎಡಚನ ಮಗಳ ಶಾಲೆಗೇ. ಮಧ್ಯಾಹ್ನ ಹೆಂಡತಿ ಬಸ್ಸಿನಲ್ಲಿ ಹೋಗಿ ಅವನ ಜೊತೆ ಆ ಹುಡುಗಿಯನ್ನೂ ಕರೆತರುತ್ತಾಳೆ. ಕೆಲಸ ಮುಗಿಸಿ ಅವಳ ತಾಯಿ ಬಂದು ಕರೆದೊಯ್ಯುತ್ತಾಳೆ. ನನಗೆ ರಜೆ ಇದ್ದ ದಿನ ನಾನು ಹೋಗುತ್ತೇನೆ. ಬಸ್ಸು ಕಂಪನಿ ಮನೆಗಳ ಸಾಲಿನ ಮುಂದೆ ನಿಧಾನವಾದ ಕೂಡಲೇ ಹುಡುಗಿ, ಪುಟ್ಟನ ಜೊತೆ ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು, ಚೀಲ ಹೆಗಲಿಗೇರಿಸಿ ಎದ್ದು ನಿಲ್ಲುತ್ತಾಳೆ. ಮುಖದಲ್ಲಿ ಅಳುವೂ ಇಲ್ಲ, ಏನೂ ಇಲ್ಲ. ಮನೆ ಬಂತು, ಇಳಿಯಬೇಕು, ಅಷ್ಟೇ. ನಾನು ಅವಳ ಎಡಗೈ ಹಿಡಿದು ಕೂರಿಸುತ್ತೇನೆ. ಬಾಗಿಲು ಮುಚ್ಚಿ ಬಸ್ಸು ಹೊರಡುವವರೆಗೂ ಆ ಕೈ ನನ್ನ ಹಿಡಿತದೊಳಗೆ ಎಳೆಯುತ್ತಲೇ ಇರುತ್ತದೆ.