ಉಜ್ಜುವ ದಿನ, ಬಳಿಯುವ ದಿನ

ಅತ್ತಿಗೆಯ ಅಂಗೈಗೆ ಕಣ್ಣಿತ್ತು. ಮೈದುನ ಕನ್ನಡಕ ಏರಿಸಿ ನೋಡಿ, ನುಣುಪಾಯಿತೆಂದು ಒಪ್ಪಿದ ಮೇಜಿನ ಮೇಲೆ ಸುಮ್ಮನೆ ಕೈಯಾಡಿಸಿ, "ಇಲ್ಲೊಂದು ತರಿ ಇದೆ ನೋಡೋ" ಎನ್ನುತ್ತಿದ್ದರು. ಇದ್ದೇ ಇರುತ್ತಿತ್ತು.

ಮರಗೆಲಸದ ಅಂಗಡಿ ಎಂದರೆ ಒಂದೇ ಕೋಣೆ. ಈಚೆ ಅತ್ತಿಗೆ ಮರಳುಕಾಗದ ಹಿಡಿದು ಉಜ್ಜುವುದು, ಆಚೆ ಮೈದುನ ಪಾಲಿಶ್ ಬಳಿಯುವುದು. ಹಸಿ ಪಾಲಿಶ್‌ಗೆ ಧೂಳು ಕೂರಬಾರದೆಂದು ನಡುವೆ ಪರದೆ ಕಟ್ಟಿ, ಕಿಟಕಿಗಳನ್ನೂ ಮುಚ್ಚಿದ್ದ. ಪರದೆ ಧೂಳನ್ನು ತಡೆಯಿತು; ಪಾಲಿಶ್ಶಿನ ಘಾಟನ್ನು ಯಾವ ಬಟ್ಟೆ ತಡೆದೀತು?

ಅತ್ತಿಗೆಗೆ ಕೆಮ್ಮು ಹತ್ತಿತು. ಡಾಕ್ಟರಮ್ಮ ಊದಿ ನೋಡಲು, ಉಸಿರಿಗೆ ಬಲವಿದ್ದಷ್ಟೂ ಮುಳ್ಳು ಮೇಲೇರುವ ಒಂದು ಕೊಳವೆ ಕೊಟ್ಟು, "ಧೂಳಿನ ಕೆಲಸ ಬಿಡಿ" ಎಂದರು.

"ಇನ್ನು ಮನೇಲಿರಿ ಅತ್ತಿಗೆ," ಎಂದ ಮೈದುನ.

"ಮನೇಲಿ ಏನು ಉಜ್ಜಲಿ, ನಿನ್ನ ತಲೆನಾ? ಅದಾಗಲೇ ನುಣ್ಣಗಿದೆ. ಒಂದು ತಿಂಗಳು ತಡಿ."

ದಿನಾ ಸಂಜೆ ಕೊಳವೆ ಊದಿ, ಹಲಗೆಯೊಂದರ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಇದೊಂದು ಹಟ ಎಂದುಕೊಂಡ ಅವನು. ತಿಂಗಳು ಮುಗಿದ ದಿನ ಹಲಗೆಯನ್ನು ಅವನ ಮುಂದೆ ನಿಲ್ಲಿಸಿದರು.

"ರಜೆ ದಿನಕ್ಕಿಂತ, ನಾನೊಬ್ಬಳೇ ಉಜ್ಜಿದ ದಿನ ಮುಳ್ಳು ಇಪ್ಪತ್ತು ಇಳಿದಿದೆ. ನಾನು ಕೈಕಟ್ಟಿ ಕೂತು, ನೀನು ಬಳಿದ ದಿನ ಮೂವತ್ತು."

"ಎರಡೂ ನಡೆದ ದಿನ ಐವತ್ತು ಅನ್ನಿ."

"ನೂರ ಹತ್ತು."

ಅವನು ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಎಲ್ಲ ವಾರವೂ ಹಾಗೆಯೇ ಇತ್ತು.

"ಧೂಳು ಒಂದೇ ಬಂದ್ರೆ ಕೆಮ್ಮಿ ಆಚೆ ತಳ್ತೀನಿ. ಘಾಟು ಒಂದೇ ಆದ್ರೂ ತಡ್ಕೋತೀನಿ. ಎರಡೂ ಬೀಗರ ಥರ ಒಟ್ಟಿಗೆ ಬಂದಿಳಿದ್ರೆ ಮನೆಯವರಿಗೇ ಜಾಗ ಇರಲ್ಲ ಕಣೋ!"

ಕಾಗದಕ್ಕೆ ಇಳಿಸಿಕೊಳ್ಳಬಹುದೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೈದುನ ಹಲಗೆಯನ್ನೇ ಹೆಗಲಿಗೇರಿಸಿಕೊಂಡು ಡಾಕ್ಟರಮ್ಮನ ಬಾಗಿಲಲ್ಲಿ ಅಡ್ಡಡ್ಡ ಸಿಕ್ಕಿಕೊಂಡ. ಅವರು ನಕ್ಕರು. ಆಮೇಲೆ ಓದುತ್ತ ಓದುತ್ತ ನಗು ನಿಂತಿತು.

"ಇದನ್ನ ನಿಮಗೆ ಯಾರು ಹೇಳಿಕೊಟ್ಟಿದ್ದು?"

"ಕೇಳೋಕೆ ಯಾರಿದ್ರು? ಊದಿದೆ, ಬರೆದೆ," ಎಂದರು ಅತ್ತಿಗೆ.

ಎದೆಯುಬ್ಬಿಸಿಕೊಂಡು ಅತ್ತ ಇತ್ತ ನೋಡಿದವನು ಮೈದುನ, ತಾನೇ ಬರೆದವನ ಹಾಗೆ.

"ಸರಿ, ಎರಡರ ಜೊತೆ ಬಿಡಿಸಿ ನೋಡೋಣ," ಎಂದರು ಡಾಕ್ಟರಮ್ಮ. "ಒಂದು ದಿನ ಉಜ್ಜೋದು, ಇನ್ನೊಂದು ದಿನ ಬಳಿಯೋದು. ಮುಖಗವಸು ಕಡ್ಡಾಯ, ಬಳಿಯೋದು ಹಿತ್ತಲಲ್ಲಿ. ಮುಳ್ಳು ಏರದಿದ್ರೆ ಮಾತ್ರ ಮನೇನೇ ಗತಿ. ತಿಂಗಳು ಬಿಟ್ಟು ಹಲಗೆ ಸಮೇತ ಬನ್ನಿ."

ಪರದೆ ಇಳಿಯಿತು, ಕಿಟಕಿಗಳು ತೆರೆದವು. ತಿಂಗಳಲ್ಲಿ ಮುಳ್ಳು ಏರಿತು. ಮೊದಲಿನಷ್ಟಲ್ಲ, ಆದರೆ ಏರಿತು. ಈಗ ಯಾರಾದರೂ ಗಿರಾಕಿ ಬಂದು, "ಇವತ್ತೇ ಉಜ್ಜಿ ಇವತ್ತೇ ಬಳಿದು ಕೊಡಿ" ಎಂದರೆ ಮೈದುನ ಗೋಡೆಗೆ ಮೊಳೆ ಹೊಡೆದ ಹಲಗೆ ತೋರಿಸುತ್ತಾನೆ.

"ಇವತ್ತು ನಮ್ಮತ್ತಿಗೆ ಉಜ್ಜೋ ದಿನ ಸ್ವಾಮಿ. ನಾಳೆ ಬನ್ನಿ."